ಗಿಲಾವು

ಸ್ಫೋಟದ ಹೊಗೆ ಇನ್ನೂ ಪೂರ್ತಿ ಹೋಗಿರುವುದಿಲ್ಲ,
ಗುಂಡುಲಾ ಬರುತ್ತಾಳೆ, ಹಲಗೆಗೆ ಕಾಗದ ಸಿಕ್ಕಿಸಿ,
ಹೊಸ ಬಂಡೆಯ ಮುಖ ಬರೆದುಕೊಳ್ಳಲು.
ಕೋಟಿ ವರ್ಷ ಯಾರೂ ಕಾಣದ ಕಲ್ಲನ್ನು
ಇಪ್ಪತ್ತು ನಿಮಿಷ ಒಬ್ಬಳು ನೋಡುತ್ತಾಳೆ:
ಇಲ್ಲಿ ಅಭ್ರಕ, ಇಲ್ಲೊಂದು ಮಡಿಕೆ,
ಇಲ್ಲಿ ನೀರು ಜಿನುಗುವ ಗೆರೆ.
ಆಮೇಲೆ ನಮ್ಮ ಸರದಿ. ಮುಚ್ಚುವವರದು.

ನಾನು ಮೆವ್ಲುದಿನ್, ಝೆನಿತ್ಸಾದ ಗಾರೆಯವನ ಮಗ.
ಅಪ್ಪ ಕರಣೆಯಲ್ಲಿ ಎರಚುತ್ತಿದ್ದ, ಚಪ್, ಚಪ್,
ಮಣಿಕಟ್ಟಿನ ಒಂದೇ ತಿರುವಿನಲ್ಲಿ.
ನಾನು ಎರಚುವುದೂ ಗಾರೆಯೇ.
ಕರಣೆಯ ಬದಲು ಯಂತ್ರದ ಉದ್ದ ತೋಳು,
ಗಂಟೆಗೆ ಇಪ್ಪತ್ತು ಘನಮೀಟರು.
ಫೋನಿನಲ್ಲಿ ಹೇಳಿದರೆ ಅಪ್ಪ ಕೇಳುತ್ತಾನೆ:
'ಅಷ್ಟು ಗಾರೆಯ ಮನೆಯಲ್ಲಿ ವಾಸ ಯಾರದು?'

ಕಲಿಸಿದವನು ವೆಂಡೆಲಿನ್, ಇದೇ ಕ್ಯಾರಿಂಥಿಯಾದವನು.
'ಬುಡದಿಂದ ಹಚ್ಚು, ನೆತ್ತಿಯಿಂದಲ್ಲ.
ಮೂತಿ ಬಂಡೆಗೆ ನೇರ ಇರಲಿ,
ಓರೆ ಹಿಡಿದರೆ ಪುಟಿದು ನಿನ್ನ ಕಾಲಬುಡಕ್ಕೇ ಬೀಳುತ್ತೆ.
ದೂರ ಒಂದೂವರೆ ಮೀಟರು. ಇನ್ನೂ ಹತ್ತಿರ ಹೋದರೆ
ಹಚ್ಚಿದ್ದನ್ನೇ ಕಿತ್ತುಹಾಕುತ್ತೀಯ,
ದೂರ ನಿಂತರೆ ಅಂಟುವುದಿಲ್ಲ.'
ಸ್ವಲ್ಪ ತಡೆದು, 'ಮದುವೆಗೂ ಇದೇ ಅಳತೆ' ಎಂದ,
ಮೂರು ಸಲ ಮದುವೆಯಾದವನು.

ಮೊದಲ ದಿನ ಕೇಳಿದ್ದೆ: ಇಷ್ಟೇನಾ, ಒಂದು ಗೇಣು?
ತಲೆಯ ಮೇಲೆ ಸಾವಿರ ಮೀಟರು ಬೆಟ್ಟ,
ಇದು ಹೊರುತ್ತದೆಯೇ?
'ಹೊರುವುದು ನಾವಲ್ಲವೋ. ಬೆಟ್ಟವನ್ನು ಬೆಟ್ಟವೇ ಹೊರಬೇಕು.
ತೋಡಿದ್ದಕ್ಕೆ ಅದಕ್ಕೆ ಗಾಬರಿ, ಒಳಕ್ಕೆ ಜರುಗುತ್ತೆ.
ಒಂದಿಷ್ಟು ಜರುಗಲಿ.
ತಾನೇ ತನ್ನ ಮೇಲೆ ಒರಗಿಕೊಳ್ಳುವುದು ಗೊತ್ತಾಗುವ ತನಕ
ಬೆನ್ನ ಮೇಲೊಂದು ಅಂಗೈ ಇದ್ದರೆ ಸಾಕು.'

ನವೆಂಬರಿನಲ್ಲಿ ಬಂತು ಕರಿ ಹಾಳೆಗಲ್ಲು,
ಉಜ್ಜಿದರೆ ಪೆನ್ಸಿಲಿನಂತೆ ಬೆರಳಿಗೆ ಹತ್ತುವಂಥದ್ದು.
ಗುಂಡುಲಾ ಚಿತ್ರ ಮುಗಿಸಲಿಲ್ಲ. 'ಹೊಡೆಯಿರಿ' ಎಂದಳು.
ರಾತ್ರಿಯಿಡೀ ಹೊಡೆದೆವು.
ಕಮಾನಿಗೆ ನೆಟ್ಟ ಪುಟ್ಟ ಕನ್ನಡಿಗಳನ್ನು ಬೆಳಿಗ್ಗೆ ಅಳೆದರು:
ಮೂವತ್ತೊಂದು ಮಿಲಿಮೀಟರು.
ಮರುದಿನ ಇಪ್ಪತ್ತಾರು.
ಗೋಡೆಯಲ್ಲಿ ಕೂದಲೆಳೆಯ ಬಿರುಕು, ಮತ್ತೊಂದು ಪದರ,
ಮತ್ತಷ್ಟು ಉಕ್ಕಿನ ಸರಳು.
ಇಪ್ಪತ್ತು.
ಇಪ್ಪತ್ತು.
ಆ ಎರಡನೇ ಇಪ್ಪತ್ತರ ದಿನ
ಯಾರೂ ಊಟದ ಡಬ್ಬಿ ತೆರೆಯಲಿಲ್ಲ.
ವೆಂಡೆಲಿನ್ ಸುತ್ತಿಗೆಯಲ್ಲಿ ಗೋಡೆ ತಟ್ಟುತ್ತ ನಡೆದ,
ಠಣ್, ಠಣ್, ಠಣ್,
ಡಬ್.
ಡಬ್ ಎಂದಲ್ಲಿ ಸೀಮೆಸುಣ್ಣದ ಒಂದು ಸುತ್ತು.
ಅಲ್ಲಿ ಗಾರೆ ಬಂಡೆಯ ಕೈ ಬಿಟ್ಟಿದೆ, ನಡುವೆ ಗಾಳಿ.
ನನ್ನದೇ ಪಾಳಿಯಲ್ಲಿ ಹಚ್ಚಿದ್ದು. ಅವನು ಏನೂ ಅನ್ನಲಿಲ್ಲ.
ಕೆರೆದೆ, ತೊಳೆದೆ, ಮತ್ತೆ ಹಚ್ಚಿದೆ.
ಒಂಬತ್ತು. ನಾಲ್ಕು.
ಡಿಸೆಂಬರ್ ನಾಲ್ಕಕ್ಕೆ, ಒಂದು.

ಅಂದು ಸಂತ ಬಾರ್ಬರಾಳ ಹಬ್ಬ.
ಸುರಂಗದ ಬಾಯಲ್ಲಿ ಗೂಡು, ಗೂಡಿನಲ್ಲಿ ಮರದ ಬಾರ್ಬರಾ.
ಅಪ್ಪನಿಗೆ ಹೆದರಿ ಓಡಿದ ಹುಡುಗಿಗೆ
ಬಂಡೆ ಬಾಯ್ತೆರೆದು ದಾರಿ ಬಿಟ್ಟಿತಂತೆ.
'ಒಳಗೆ ಗಿಲಾವು ಯಾರು ಮಾಡಿದರು?' ಎಂದೆ.
ಪಾದ್ರಿಯೂ ನಕ್ಕ.
ಗುಂಡುಲಾ ಬೋಳು ಚೆರ್ರಿ ಕೊಂಬೆಯೊಂದನ್ನು ನೀರಿಗಿಟ್ಟಳು,
ಕ್ರಿಸ್‌ಮಸ್ಸಿಗೆ ಹೂ ಬಿಟ್ಟರೆ ಶುಭವಂತೆ.
ನಾನು ಮುಸಲ್ಮಾನ. ಆದರೂ ದಿನಾ ಪಾಳಿ ಮುಗಿಸಿ
ಬಗ್ಗಿ ಮೊಗ್ಗು ಎಣಿಸಿದೆ.

ಬರುವ ವರ್ಷ ನಮ್ಮ ಗೋಡೆಯ ಮೇಲೆ
ಇನ್ನೊಂದು ಗೋಡೆ ಬರುತ್ತದೆ, ನುಣ್ಣನೆಯದು.
ಗುಂಡುಲಾಳ ಕಲ್ಲು ನನ್ನ ಗಾರೆಯ ಹಿಂದೆ,
ನನ್ನ ಗಾರೆ ಆ ನುಣುಪಿನ ಹಿಂದೆ.
ರೈಲಿನವರು ಕತ್ತಲಾದ ಕಿಟಕಿಯಲ್ಲಿ
ತಮ್ಮ ಮುಖ ಕಂಡು ಕೂದಲು ತೀಡಿಕೊಳ್ಳುತ್ತಾರೆ.

ರಜೆಗೆ ಝೆನಿತ್ಸಾ.
ಅಮ್ಮ ಒಲೆಯಿಂದ ದಪ್ಪ ರೊಟ್ಟಿ ತೆಗೆದು, ಮಗುಚಿ,
ಬೆರಳ ಗೆಣ್ಣಿನಿಂದ ತಟ್ಟಿದಳು.
ಡಬ್.
ನಾನು ಎದ್ದು ನಿಂತಿದ್ದೆ.
'ಕೂತ್ಕೋ,' ಎಂದಳು, 'ಬೆಂದಿದೆ.'